ತಾನಾಗಿ ಏರಿದ ಮುಳ್ಳು

ಹಳೆಯ ಒಲೆಯನ್ನು ಶನಿವಾರ ಒಡೆಯುತ್ತಾರೆ ಎಂಬ ಸುದ್ದಿ ಸೋಮವಾರ ಬೆಳಿಗ್ಗೆ ಬಂತು. ಒಲೆ ಎಂದರೆ ಅಡುಗೆಯದಲ್ಲ. ಲೋಹದ ಸುರುಳಿಗಳನ್ನು ಹದವಾಗಿ ಕಾಯಿಸುವ ಆಳೆತ್ತರದ ಇಟ್ಟಿಗೆಗೂಡಿಗೆ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಒಲೆ ಎಂದೇ ಅನ್ನುವುದು. ಒಳಗೆ ಕರೆಂಟಿನ ತಂತಿಗಳು, ಮುಂದೆ ಕಬ್ಬಿಣದ ಬಾಗಿಲು, ಪಕ್ಕದ ಗೋಡೆಯ ಮೇಲೆ ಊಟದ ತಟ್ಟೆಯಷ್ಟು ಅಗಲದ ಮೀಟರು, ಅದರಲ್ಲೊಂದು ಕಪ್ಪು ಮುಳ್ಳು. ಆ ಮುಳ್ಳಿನ ದೆಸೆಯಿಂದ ನನ್ನ ಗಂಡ ನಾಲ್ಕು ಜನರೆದುರು ತಲೆ ತಗ್ಗಿಸಿ ಮೂವತ್ತೊಂದು ವರ್ಷವಾಗಿತ್ತು. ಅವರು ಅಂದು ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡಲು ನನಗೆ ಉಳಿದದ್ದು ಐದೇ ದಿನ.

ನಾವು ಮಾಡುವ ಪಟ್ಟಿಯ ವಿಷಯ ಸ್ವಲ್ಪ ಹೇಳಲೇಬೇಕು. ಕರಗಿದ ಲೋಹವನ್ನು ಭರ್ರನೆ ತಿರುಗುವ ತಾಮ್ರದ ಚಕ್ರದ ಮೇಲೆ ಸಣ್ಣ ಧಾರೆಯಾಗಿ ಬಿಡುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಅದು ಗಟ್ಟಿಯಾಗಿ, ಕಾಗದಕ್ಕಿಂತ ತೆಳ್ಳಗಿನ ಹೊಳೆಯುವ ಪಟ್ಟಿಯಾಗಿ ಆಚೆಗೆ ಹಾರುತ್ತದೆ. ಅಷ್ಟು ಬೇಗ ತಣಿದರೆ ಒಳಗಿನ ಕಣಗಳಿಗೆ ಸಾಲುಗಟ್ಟಿ ನಿಲ್ಲಲು ಪುರುಸೊತ್ತೇ ಸಿಗುವುದಿಲ್ಲ. ಹರಿಯುತ್ತಿದ್ದಾಗ ಹೇಗಿದ್ದವೋ ಹಾಗೆಯೇ ಸಿಕ್ಕಿಕೊಂಡುಬಿಡುತ್ತವೆ. ಕಿಟಕಿಯ ಗಾಜಿನ ಒಳಗೂ ಹೀಗೇ ಇರುತ್ತದಂತೆ, ಅದಕ್ಕೇ ಇದಕ್ಕೆ ಲೋಹದ ಗಾಜು ಎಂದು ಹೆಸರು. ಹೆಸರು ಗಾಜಾದರೂ ಒಡೆಯುವ ಜಾತಿಯಲ್ಲ. ಬೆರಳಿಗೆ ಸುತ್ತಬಹುದು, ಬಿಟ್ಟರೆ ಟಣ್ಣನೆ ನೆಟ್ಟಗಾಗುತ್ತದೆ.

ಈ ಪಟ್ಟಿಯನ್ನು ಸುರುಳಿ ಸುತ್ತಿ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯೊಳಗೆ ಇಡುತ್ತಾರೆ. ಇಡುವ ಮುಂಚೆ ಸುರುಳಿಯ ಬಿಗುವು ಹೋಗಲೆಂದು ಒಲೆಯಲ್ಲಿ ಕಾಯಿಸಬೇಕು. ಮುನ್ನೂರ ನಲವತ್ತು ಡಿಗ್ರಿ, ಎರಡು ಗಂಟೆ. ಕಾಯಿಸಿದ ಮೇಲೆ ಪಟ್ಟಿ ಸ್ವಲ್ಪ ಬಿರುಸಾಗುತ್ತದೆ, ಅದು ಸರಿಯೇ. ಆದರೆ ಹದ ಮೀರಿ ಕಾದರೆ ಕಣಗಳು ಅಲುಗಾಡಿ ಹರಳುಗಟ್ಟುತ್ತವೆ. ಹರಳುಗಟ್ಟಿದ ಸುರುಳಿ ಯಾವ ಕೆಲಸಕ್ಕೂ ಬಾರದು. ಒಣಗಿದ ಎಲೆಯ ಹಾಗೆ, ಮುಟ್ಟಿದರೆ ಚೂರು.

ನನ್ನ ಗಂಡ ಒಲೆ ಕಾಯುವವರು, ನಾನು ಅದೇ ಶೆಡ್ಡಿನಲ್ಲಿ ಕಸ ಗುಡಿಸುವವಳು. ಆಗ ಒಂದು ಸಲಕ್ಕೆ ಹನ್ನೆರಡು ಸುರುಳಿ ಇಡುತ್ತಿದ್ದರು, ಒಂದಕ್ಕೊಂದು ತಾಗದಂತೆ, ನಡುವೆ ಕೈ ತೂರುವಷ್ಟು ಜಾಗ ಬಿಟ್ಟು. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ, ಹಾಗೆ ಇಟ್ಟು ಅಭ್ಯಾಸ, ಅಷ್ಟೆ. ಅವತ್ತು ಮಾಲು ಬೇಗ ಹೊರಡಬೇಕಿತ್ತು. ಮೇಸ್ತ್ರಿ ಬಂದು ಒಲೆಯೊಳಗೆ ಬಗ್ಗಿ ನೋಡಿದರು.

"ಏನ್ರೋ ಇದು, ಮದುವೆ ಮನೇಲಿ ಎಲೆ ಹಾಕ್ದಂಗೆ ಇಷ್ಟಿಷ್ಟು ದೂರ ಇಟ್ಟಿದೀರಾ? ಒತ್ತಿ ಇಡಿ!"

ಮೂವತ್ತಾರು ಸುರುಳಿ ಹಿಡಿಯಿತು. ಒಂದರ ಮೈಗೆ ಒಂದು, ಒಂದರ ತಲೆ ಮೇಲೆ ಒಂದು. ಶಾಖ ಅಳೆಯುವ ತಂತಿಯ ತುದಿ ರಾಶಿಯ ನಟ್ಟನಡುವೆ ಸಿಕ್ಕಿಕೊಂಡಿತು. ಭಾರ ಹೆಚ್ಚಾದ್ದರಿಂದ ಮುಳ್ಳು ಆಮೆಯಂತೆ ಏರುತ್ತಿತ್ತು. "ಮೂವತ್ತು ಡಿಗ್ರಿ ಜಾಸ್ತಿ ಇಡು, ಬೇಗ ಬೇಯ್ಲಿ. ಮುನ್ನೂರ ಎಪ್ಪತ್ತಕ್ಕೆ ಏನೂ ಕೆಡಲ್ಲ, ಕಂಪನಿ ಕಾಗದದಲ್ಲಿ ಕೆಡೋದು ಮುನ್ನೂರ ತೊಂಬತ್ತಕ್ಕೆ ಅಂತಿದೆ" ಎಂದು ಹೇಳಿ ಮೇಸ್ತ್ರಿ ಊಟಕ್ಕೆ ಹೋದರು. ನಾವೂ ಹೋದೆವು. ಒಲೆಯ ಬಳಿ ಉಳಿದದ್ದು ನನ್ನ ಗಂಡ ಒಬ್ಬರೇ.

ತಿರುಗಿ ಬಂದಾಗ ಒಲೆಯ ಬಾಗಿಲು ಹಾರು ಹೊಡೆದಿತ್ತು. ಶೆಡ್ಡಿನೊಳಗೆ ನಿಲ್ಲಲಾರದಷ್ಟು ಝಳ. ನನ್ನ ಗಂಡ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಗೋಡೆಗೆ ಒರಗಿದ್ದರು. ಮುಳ್ಳು ನಾನೂರ ಐವತ್ತರ ಆಚೆ. ಮೂವತ್ತಾರು ಸುರುಳಿಯೂ ಹೊಳಪು ಕಳೆದುಕೊಂಡು ಮಂಕಾಗಿದ್ದವು. ಮೇಸ್ತ್ರಿ ಕೋಲಿನ ತುದಿಯಿಂದ ಒಂದನ್ನು ತಟ್ಟಿದರು. ಅದು ಪುಡಿಪುಡಿಯಾಗಿ ಉದುರಿತು.

ಮಾರನೇ ದಿನ ಸಾಹೇಬರ ಕೋಣೆಯಲ್ಲಿ ವಿಚಾರಣೆ. "ಮುನ್ನೂರ ಎಪ್ಪತ್ತರಲ್ಲಿ ನಿಂತಿತ್ತು ಸಾರ್. ಆಮೇಲೆ ಮೆಲ್ಲಗೆ ಏರೋಕೆ ಶುರು ಆಯ್ತು. ನಾನು ಸ್ವಿಚ್ ಆಫ್ ಮಾಡ್ದೆ. ಆಫ್ ಮಾಡಿದ್ಮೇಲೂ ಏರ್ತಾ ಹೋಯ್ತು. ತಾನಾಗೇ" ಎಂದರು ನನ್ನ ಗಂಡ.

"ತಾನಾಗೇ ಏರೋಕೆ ಅದೇನು ಹಾಲಾ? ಹಾಲಿಗೂ ಕೆಳಗೆ ಉರಿ ಬೇಕಲ್ಲಪ್ಪ!" ಎಂದರು ಮೇಸ್ತ್ರಿ. ಕೋಣೆ ತುಂಬ ನಗು. ಸಾಹೇಬರು ಮಾತ್ರ ನಗದೆ ಬಾಗಿಲ ಬಳಿ ನಿಂತಿದ್ದ ನನ್ನನ್ನು ಕರೆದರು.

"ಮೊನ್ನೆ ರಾತ್ರಿ ನಿನ್ನ ಗಂಡ ಸರಿಯಾಗಿ ನಿದ್ದೆ ಮಾಡಿದ್ನೇನಮ್ಮ?"

"ಇಲ್ಲ ಸಾರ್. ಮಗೂಗೆ ಜ್ವರ. ಇಬ್ರೂ ಕಣ್ಣು ಮುಚ್ಚಲಿಲ್ಲ."

ಇದ್ದದ್ದನ್ನೇ ಹೇಳಿದೆ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದಾಗಲೇ ನನ್ನ ಬಾಯಿಂದ ಏನು ಬಿತ್ತು ಎಂದು ನನಗೆ ತಿಳಿದದ್ದು. ಒಲೆಯ ಮುಂದೆ ತೂಕಡಿಸಿದ, ಎಚ್ಚರವಾದಾಗ ಗಾಬರಿಯಲ್ಲಿ ಬಾಗಿಲು ಹಿಡಿದು ಕೈ ಸುಟ್ಟುಕೊಂಡ, ಆಮೇಲೆ ಕಥೆ ಕಟ್ಟಿದ. ತೀರ್ಪು ಅಷ್ಟೆ. ನನ್ನ ಗಂಡ ನನ್ನ ಕಡೆ ಒಂದು ಸಲ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಕೆಲಸದಿಂದ ತೆಗೆಯಲಿಲ್ಲ, ಒಲೆಯಿಂದ ತೆಗೆದರು. ನಿವೃತ್ತಿಯಾಗುವವರೆಗೆ ಹಿತ್ತಲ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗೆ ಮೊಳೆ ಹೊಡೆದರು. 'ತಾನಾಗಿ' ಎಂಬ ಅಡ್ಡಹೆಸರು ಅಂಟಿತು. ಯಾರದಾದರೂ ಚಹಾ ಚೆಲ್ಲಿದರೆ "ತಾನಾಗೇ ಚೆಲ್ತು ಕಣ್ರೋ" ಎನ್ನುವರು. ಯಾರಾದರೂ ತಡವಾಗಿ ಬಂದರೆ "ಗಡಿಯಾರ ತಾನಾಗೇ ಓಡಿಬಿಡ್ತು" ಎನ್ನುವರು. ಅವರು ಮೊಳೆ ಹೊಡೆಯುತ್ತಲೇ ಇರುವರು.

ನಾನು ಇಪ್ಪತ್ತೆರಡು ದಿನ ಅವರ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿದೆ. ಬಾಗಿಲ ಹಿಡಿಕೆಯ ಗುರುತು ಅಡ್ಡಕ್ಕೆ ಬರೆ ಎಳೆದಂತೆ ಮೂಡಿತ್ತು. ಇಪ್ಪತ್ತೆರಡು ದಿನವೂ ಒಂದು ಮಾತು ಕೇಳಲಿಲ್ಲ. ಕೇಳುವುದೇನಿದೆ? ತೂಕಡಿಸಿದ್ದಾರೆ, ಪಾಪ, ಮಗುವಿನ ದೆಸೆಯಿಂದ ತಾನೇ, ಎಂದು ಹೊಟ್ಟೆಗೆ ಹಾಕಿಕೊಂಡಿದ್ದೆ. ಕ್ಷಮಿಸಿದ್ದೇನೆ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ ನಾನು ರಾತ್ರಿಶಾಲೆಗೆ ಸೇರಿದೆ. ಮೊದಲು ಅಕ್ಷರ, ಆಮೇಲೆ ಲೆಕ್ಕ, ಆಮೇಲೆ ಒಂದಿಷ್ಟು ವಿಜ್ಞಾನ. ಕಾರ್ಖಾನೆಯವರು ಪೊರಕೆ ಬಿಡಿಸಿ ಪರೀಕ್ಷೆ ಕೋಣೆಗೆ ಹಾಕಿದರು. ಪಟ್ಟಿಯ ಚೂರು ಕತ್ತರಿಸಿ ತೂಗುವ ಕೆಲಸ. ಕೈ ನಡುಗದವಳು ಎಂದು ವಯಸ್ಸಾದ ಮೇಲೂ ಉಳಿಸಿಕೊಂಡಿದ್ದಾರೆ.

ಈಚೆಗೆ ಆ ಕೋಣೆಗೆ ಹೊಸ ಯಂತ್ರ ಬಂತು, ಅದರ ಜೊತೆಗೆ ಹೊಸ ಇಂಜಿನಿಯರಮ್ಮನೂ ಬಂದಳು. ನನ್ನ ಮಗಳಿಗಿಂತ ಚಿಕ್ಕವಳು. ಬೆರಳುಗುರಿನಷ್ಟು ಅಗಲದ ಬಟ್ಟಲಿನಲ್ಲಿ ಪಟ್ಟಿಯ ಚೂರಿಟ್ಟು ಯಂತ್ರದೊಳಗೆ ಬಿಟ್ಟರೆ, ಅದನ್ನು ಮೆಲ್ಲಗೆ ಕಾಯಿಸುತ್ತ, ಚೂರು ಎಷ್ಟು ಶಾಖ ಕುಡಿಯಿತು ಎಂದು ಗೆರೆ ಬರೆಯುತ್ತದೆ. ಸೋಮವಾರ, ಒಲೆ ಒಡೆಯುವ ಸುದ್ದಿ ಬಂದ ಅದೇ ದಿನ, ಗೆರೆ ನೆಟ್ಟಗೆ ಹೋಗುತ್ತಿದ್ದುದು ಇದ್ದಕ್ಕಿದ್ದಂತೆ ಗೋಪುರದಂತೆ ಮೇಲೆದ್ದು ಮತ್ತೆ ಇಳಿಯಿತು.

"ಇದೇನಮ್ಮ, ಯಂತ್ರ ಕೆಟ್ಟಿತಾ?" ಎಂದೆ.

"ಇಲ್ಲಮ್ಮಾ, ಅದೇ ಹರಳುಗಟ್ಟಿದ್ದು. ಇಷ್ಟು ಹೊತ್ತು ಚೂರು ಶಾಖ ಕುಡೀತಿತ್ತು. ಇಲ್ಲಿ ನೋಡಿ, ಇಲ್ಲಿ ತಾನೇ ಹೊರಗೆ ಬಿಡ್ತಾ ಇದೆ."

"ಬಿಡ್ತಾ ಇದೆ ಅಂದ್ರೆ?"

ಅವಳು ಯೋಚಿಸಿ ಹೇಳಿದಳು. "ತಲೆ ಮೇಲೆ ಹೊರೆ ಹೊತ್ಕೊಂಡು ಜನ ಒತ್ತೊತ್ತಾಗಿ ನಿಂತಿದಾರೆ ಅನ್ಕೊಳ್ಳಿ. ಕೂರೋಕೂ ಜಾಗ ಇಲ್ಲ, ಹೊರೆ ಇಳಿಸೋಕೂ ಆಗಲ್ಲ. ಪಟ್ಟಿಯೊಳಗಿನ ಕಣಗಳು ಹಂಗೆ. ಶಾಖ ಕೊಟ್ರೆ ಒಂಚೂರು ಅಲ್ಲಾಡ್ತವೆ. ಯಾರೋ ಒಬ್ರಿಗೆ ಜಾಗ ಸಿಗುತ್ತೆ, ಹೊರೆ ಇಳಿಸಿ ಉಸ್ಸಪ್ಪಾ ಅಂತ ಕೂತ್ಕೋತಾರೆ. ಆ ಉಸಿರಿನ ಬಿಸಿ ಇದು. ಅದು ಪಕ್ಕದವರನ್ನ ಅಲ್ಲಾಡ್ಸುತ್ತೆ, ಅವರೂ ಕೂತ್ಕೋತಾರೆ."

"ಮತ್ತೆ ಮುನ್ನೂರ ತೊಂಬತ್ತರವರೆಗೆ ಏನೂ ಆಗಲ್ಲ ಅಂತಾರಲ್ಲ?"

"ಅದು ಬೇಗಬೇಗ ಕಾಯಿಸಿದ್ರೆ. ಮುನ್ನೂರ ಎಪ್ಪತ್ತರಲ್ಲಿ ಸುಮ್ನೆ ಬಿಟ್ರೂ ಸ್ವಲ್ಪ ಹೊತ್ತಿಗೆ ಶುರುವಾಗುತ್ತೆ."

ನನ್ನ ಕೈಯಲ್ಲಿದ್ದ ಚಿಮುಟ ಮೇಜಿನ ಮೇಲೆ ಬಿತ್ತು. "ಇಷ್ಟೇ ಚೂರಿಗೆ ಇಷ್ಟು ಬಿಸಿ. ಮೂವತ್ತಾರು ಸುರುಳಿ, ಒತ್ತಿ ಒತ್ತಿ ಇಟ್ಟಿದ್ರೆ?"

"ಅಯ್ಯೋ, ಬಿಸಿ ಹೊರಗೆ ಹೋಗೋಕೆ ದಾರಿ ಎಲ್ಲಿ? ಕರೆಂಟ್ ತೆಗೆದ್ರೂ ಏರ್ತಾನೇ ಹೋಗುತ್ತೆ."

ನಾನು ಸ್ಟೂಲಿನ ಮೇಲೆ ಕುಳಿತೆ. ಅವಳು ನೀರು ತಂದುಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ, ಸಾಹೇಬರಿಗೆ ನಾನು ಕೊಟ್ಟ ಉತ್ತರವನ್ನೂ ಬಿಡದೆ. ಕೊನೆಗೆ ಕೇಳಿದೆ. "ಒಡೆಯೋ ಒಲೆ, ಗುಜರಿಗೆ ಹಾಕೋ ಸುರುಳಿ. ಒಂದು ಸಲ ಹಾಗೇ ಇಟ್ಟು ನೋಡಬಹುದಾ?"

ಅವಳು ಕಾಗದದ ಮೇಲೆ ಏನೋ ಲೆಕ್ಕ ಹಾಕಿದಳು. "ಏರುತ್ತೆ ಅಂತ ನನ್ನ ಲೆಕ್ಕ ಹೇಳುತ್ತೆ. ಹಳೇ ಒಲೆ, ನನಗೆ ಗ್ಯಾರಂಟಿ ಇಲ್ಲ. ಏರದೇ ಹೋದ್ರೆ?"

ಏರದೇ ಹೋದರೆ, ಸತ್ತುಹೋಗಿದ್ದ ಅಡ್ಡಹೆಸರಿಗೆ ನಾನೇ ಜೀವ ಕೊಟ್ಟಂತೆ. ಏರಿದರೆ, ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಒಬ್ಬ ನಿಜ ಹೇಳಿದವನನ್ನು ಸುಳ್ಳ ಎಂದುಕೊಂಡು ಬಾಳಿದ್ದೇನೆ. ಯಾವುದು ಆಗಲಿ ಎಂದು ಬೇಡಿಕೊಳ್ಳುವುದು?

ಇಂಜಿನಿಯರಮ್ಮ ಶುಕ್ರವಾರ ಮಧ್ಯಾಹ್ನಕ್ಕೆ ಅಪ್ಪಣೆ ತಂದಳು. ಗುರುವಾರ ಸಂಜೆ ನಾನು ಮನೆಯಲ್ಲಿ ಮಾತು ತೆಗೆದೆ. ನನ್ನ ಗಂಡ ಕಿಟಕಿಯ ಬಳಿ ಕುಳಿತು ಮುರಿದ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಬೇರೆಯವರ ಕುರ್ಚಿ ಸರಿಮಾಡುವುದೇ ಅವರ ಕಾಲಕ್ಷೇಪ.

"ರೀ, ನಾಳೆ ಹಳೇ ಒಲೇಲಿ ಮೂವತ್ತಾರು ಸುರುಳಿ ಇಡ್ತೀವಿ. ಒತ್ತಿ. ಮುನ್ನೂರ ಎಪ್ಪತ್ತಕ್ಕೆ. ನೀವೂ ಬನ್ನಿ."

ಬೆತ್ತದ ತುದಿ ರಂಧ್ರದೊಳಗೆ ಅರ್ಧಕ್ಕೆ ನಿಂತಿತು. "ಯಾಕೆ?"

"ಮುಳ್ಳು ಏರುತ್ತಾ ನೋಡೋಕೆ."

ಅವರು ಬೆತ್ತವನ್ನು ಎಳೆದು ಬಿಗಿ ಮಾಡಿದರು. "ನಾನು ಅವತ್ತೇ ನೋಡಿದೀನಲ್ಲ. ನೋಡಬೇಕಾದವಳು ನೀನು. ಹೋಗಿ ನೋಡ್ಕೊಂಡು ಬಾ."

ಅಷ್ಟೇ. ಊಟಕ್ಕೆ ಕುಳಿತಾಗ ಉಪ್ಪಿನ ಡಬ್ಬಿ ಮಾತ್ರ ನನ್ನ ಕಡೆಗೆ ಸರಿಸಿದರು.

ಶುಕ್ರವಾರ ಕಾರ್ಖಾನೆಗೆ ಹೋಗುವಾಗ ಗೇಟಿನೆದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಮೇಸ್ತ್ರಿ ಕುಳಿತಿದ್ದರು. ಕೆಲಸ ಬಿಟ್ಟು ಹದಿನೈದು ವರ್ಷವಾದರೂ ಆ ಬೆಂಚೇ ಅವರ ಆಫೀಸು. ಕೈಯಲ್ಲಿ ಕೋಲು, ಬಾಯಲ್ಲಿ ಎರಡೇ ಹಲ್ಲು. ನಾನೇ ಹೋಗಿ ಕರೆದೆ.

"ಮೇಸ್ತ್ರಿಗಳೇ, ಒಲೆ ಹತ್ರ ಬನ್ನಿ. ಒಂದು ಕೆಲ್ಸ ಇದೆ."

"ಏನಮ್ಮಾ, ನಿನ್ನ ಗಂಡನ ಹಾಲು ಉಕ್ಕಿಸ್ತೀಯಾ?" ಎಂದು ನಕ್ಕರು. ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿ, ಕೋಲು ಊರಿಕೊಂಡು ಹಿಂದೆಯೇ ಬಂದರು.

ಸುರುಳಿಗಳನ್ನು ನಾನೇ ಜೋಡಿಸಿದೆ. ಕಾಯಿಸದೆ ಮೂಲೆಯಲ್ಲಿ ಬಿದ್ದಿದ್ದ, ಅಳತೆ ತಪ್ಪಿದ ಸುರುಳಿಗಳು. ಒಂದರ ಮೈಗೆ ಒಂದು, ಒಂದರ ತಲೆ ಮೇಲೆ ಒಂದು. ತಂತಿಯ ತುದಿಯನ್ನು ನಡುವೆ ಇಟ್ಟೆ. ಬಾಗಿಲು ಮುಚ್ಚಿದೆ. ಮುಳ್ಳು ಆಮೆಯಂತೆ ಹೊರಟಿತು. ಎರಡು ಗಂಟೆಯ ಮೇಲೆ ಮುನ್ನೂರ ಎಪ್ಪತ್ತಕ್ಕೆ ಬಂದು ನಿಂತಿತು.

ನಿಂತೇ ಇತ್ತು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಮೇಸ್ತ್ರಿ ಆಕಳಿಸಿದರು. "ತೂಕಡಿಕೆ ಬರೋ ಜಾಗಾನೇ ಇದು, ಬಿಡಮ್ಮ" ಎಂದರು. ಅದರಲ್ಲಿ ಕುಹಕವಿರಲಿಲ್ಲ, ಸಮಾಧಾನದ ಮಾತೇ. ಅದೇ ಹೆಚ್ಚು ನೋಯಿಸಿತು. ನಾನು ಕಣ್ಣು ಕೀಳಲಿಲ್ಲ. ಅಲ್ಲಿ ನಿಂತಾಗಲೇ ಒಂದು ವಿಷಯ ತಿಳಿದದ್ದು: ಅಷ್ಟು ಝಳದೆದುರು, ಮುಂದೇನಾಗುತ್ತದೋ ಎಂದು ಮುಳ್ಳನ್ನೇ ನೋಡುತ್ತಿರುವವರಿಗೆ ನಿದ್ದೆ ಬರುವುದಿಲ್ಲ. ನನ್ನ ಗಂಡ ಆ ಒಲೆಯ ಮುಂದೆ ಒಂಬತ್ತು ವರ್ಷ ನಿಂತವರು. ಒಂದು ದಿನವೂ ಸ್ಟೂಲು ಕೇಳಿರಲಿಲ್ಲ.

ಮುಳ್ಳು ಮುನ್ನೂರ ಎಪ್ಪತ್ತೆರಡರ ಮೇಲಿತ್ತು. ಯಾವಾಗ ಅಲ್ಲಿಗೆ ಬಂತೋ ಗೊತ್ತಾಗಲಿಲ್ಲ.

"ಆಫ್ ಮಾಡಿ" ಎಂದಳು ಇಂಜಿನಿಯರಮ್ಮ.

ಮಾಡಿದೆ. ಮೇಸ್ತ್ರಿ ಎದ್ದು ಬಂದು ಸ್ವಿಚ್ಚನ್ನು ತಾವೂ ಒಮ್ಮೆ ಒತ್ತಿ ನೋಡಿದರು. ಅಷ್ಟಕ್ಕೂ ನಂಬದೆ ಮೇಲಿನ ಪೆಟ್ಟಿಗೆ ತೆರೆದು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು. ನಾವು ಮೂವರೂ ಮೀಟರಿನ ಮುಂದೆ ನಿಂತೆವು.

ಮುನ್ನೂರ ಎಪ್ಪತ್ತೈದು. ಎಂಬತ್ತು. ಎಂಬತ್ತೆಂಟು. ಆಮೇಲೆ ಯಾರೋ ಹಿಂದಿನಿಂದ ದೂಡುತ್ತಿರುವಂತೆ ಸರಸರನೆ ನಾನೂರು ದಾಟಿತು. ನಾನೂರ ಇಪ್ಪತ್ತು. ಬಾಗಿಲ ಸಂದಿನಿಂದ ಝಳ ಮುಖಕ್ಕೆ ರಾಚಿತು. ಒಳಗೆ ಚಿಟಿಚಿಟಿ ಎಂದು ಸದ್ದು. ನಾನು ನನಗರಿವಿಲ್ಲದೆ ಎರಡು ಹೆಜ್ಜೆ ಮುಂದೆ ಹೋಗಿ ಬಾಗಿಲ ಹಿಡಿಕೆಗೆ ಕೈ ಚಾಚಿದ್ದೆ. ಇಂಜಿನಿಯರಮ್ಮ ಭುಜ ಹಿಡಿದು ಹಿಂದಕ್ಕೆ ಎಳೆದಳು.

"ಅಮ್ಮಾ! ಕೈ ಸುಟ್ಕೋತೀರಾ! ಏನು ಮಾಡೋಕೆ ಹೊರಟ್ರಿ?"

"ಬಾಗಿಲು ತೆಗೆದ್ರೆ ತಣ್ಣಗಾಗುತ್ತೇನೋ ಅಂತ..."

ಹೇಳುತ್ತಲೇ ಹೊಳೆಯಿತು: ಮುಳ್ಳು ಏರುವುದನ್ನು ಕಣ್ಣಾರೆ ಕಂಡವನು ಮಾಡುವುದು ಇದನ್ನೇ. ನಾನು ಇಪ್ಪತ್ತೆರಡು ದಿನ ಬಟ್ಟೆ ಸುತ್ತಿದ ಆ ಗಾಯ ಎಚ್ಚರವಿದ್ದವನ ಗಾಯ. ಸಾಕ್ಷಿಯನ್ನು ದಿನವೂ ನನ್ನ ಕೈಯಲ್ಲೇ ಹಿಡಿದುಕೊಂಡು, ಮುಲಾಮು ಹಚ್ಚಿ, ಮುಚ್ಚಿಟ್ಟಿದ್ದೆ.

ನಾನೂರ ಐವತ್ತೆಂಟಕ್ಕೆ ಮುಳ್ಳು ನಿಂತಿತು. ಸ್ವಲ್ಪ ಹೊತ್ತು ನಡುಗಿ ಇಳಿಯತೊಡಗಿತು.

ಮೇಸ್ತ್ರಿ ಜೇಬಿನಿಂದ ಫ್ಯೂಸು ತೆಗೆದು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಒತ್ತಿ ಇಡಿ ಅಂದವನು ನಾನು. ಮೂವತ್ತು ಜಾಸ್ತಿ ಇಡು ಅಂದವನೂ ನಾನೇ. ಅವತ್ತು ಸಾಹೇಬ್ರ ಮುಂದೆ ಅವನು ನನ್ನ ಹೆಸರು ಎತ್ತಲೇ ಇಲ್ಲ, ನೋಡು" ಎಂದರು. ಆಮೇಲೆ, "ನಗಿಸಿಬಿಟ್ಟೆ. ನಗು ಬಂದ್ಮೇಲೆ ಯಾರು ಕೇಳ್ತಾರೆ?" ಎಂದು ಫ್ಯೂಸನ್ನು ನನ್ನ ಕೈಗೆ ಕೊಟ್ಟು, ಕೋಲು ಊರುತ್ತ ಹೊರಟರು. ಬಾಗಿಲ ಬಳಿ ನಿಂತು, "ನಾಳೆ ಮನೇಲಿರ್ತಾನಾ ಅವನು?" ಎಂದು ಕೇಳಿದರು. ಇರುತ್ತಾರೆ ಎಂದೆ.

ನಾನು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವರು ಕುರ್ಚಿ ಮುಗಿಸಿ, ಅದರ ಮೇಲೆ ಕುಳಿತು ಗಟ್ಟಿ ಇದೆಯೇ ಎಂದು ನೋಡುತ್ತಿದ್ದರು. ಕಾಗದದಲ್ಲಿ ಸುತ್ತಿ ತಂದ ಸುರುಳಿಯ ಚೂರನ್ನು ಅವರ ಮುಂದಿಟ್ಟೆ. ಎತ್ತಿ ಬಗ್ಗಿಸಲು ಹೋದರು. ಬಗ್ಗಲಿಲ್ಲ, ಚಿಟ್ಟೆಂದು ಎರಡಾಯಿತು.

"ಎಷ್ಟಕ್ಕೆ ಹೋಯ್ತು?"

"ನಾನೂರ ಐವತ್ತೆಂಟು."

"ನನ್ನದು ಅರವತ್ಮೂರು" ಎಂದರು. ಆ ದನಿಯಲ್ಲಿ ಹುಡುಗಾಟದಂಥದ್ದು ಏನೋ ಒಂದು ಹಾದುಹೋಯಿತು. ಆಮೇಲೆ ಚೂರುಗಳನ್ನು ಜೋಡಿಸಿ ಕಾಗದದಲ್ಲಿ ಮಡಿಸಿಟ್ಟರು.

ನಾನು ನೆಲದ ಮೇಲೆ ಅವರ ಕಾಲ ಬಳಿ ಕುಳಿತೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು, "ನಾನು ಸಾಹೇಬ್ರಿಗೆ ಹಂಗೆ ಹೇಳಬಾರದಿತ್ತು" ಎಂದೆ.

"ನೀನು ಸುಳ್ಳೇನೂ ಹೇಳಲಿಲ್ಲವಲ್ಲ. ನಿದ್ದೆ ಇರಲಿಲ್ಲ, ನಿಜ." ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಅವರೆಲ್ಲ ನಕ್ಕಿದ್ದು ಸಂಜೆಗೇ ಮರೆತುಹೋಯ್ತು. ಮನೆಗೆ ಬಂದ್ಮೇಲೆ ನೀನಾದ್ರೂ ಕೇಳ್ತೀಯಾ ಅಂತ ಕಾದೆ. ಮುಲಾಮು ಹಚ್ಚೋವಾಗೆಲ್ಲ ಕಾದೆ. ಆಮೇಲೆ ಗಾಯ ಆರಿಹೋಯ್ತು."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆಯುತ್ತ ಹೋದರು. ನಾನು ಅವರ ಬಲಗೈಯನ್ನು ತೆಗೆದುಕೊಂಡು ಬಿಡಿಸಿದೆ. ಬೆತ್ತದ ಗೀರುಗಳ ಕೆಳಗೆ ಆ ಅಡ್ಡಬರೆ ತೆಳ್ಳಗೆ, ಹೊಳೆಯುತ್ತ ಇತ್ತು.

"ಆಫ್ ಮಾಡಿದ್ಮೇಲೂ ಮುಳ್ಳು ಏರ್ತಾ ಇತ್ತಲ್ಲ, ಆಗ ನೀವು ಏನು ಮಾಡಿದ್ರಿ?" ಎಂದು ಕೇಳಿದೆ.

ಅವರು ಬೆನ್ನು ಹಿಂದಕ್ಕೆ ಒರಗಿಸಿ, ಹೊಸ ಬೆತ್ತ ಕಿರುಗುಟ್ಟುವಂತೆ ಸರಿಯಾಗಿ ಕುಳಿತರು. ಕೈಯನ್ನು ನನ್ನ ಕೈಯಲ್ಲೇ ಬಿಟ್ಟಿದ್ದರು.

"ಮೊದಲು ಫ್ಯೂಸು ಕಿತ್ತೆ" ಎಂದು ಶುರು ಮಾಡಿದರು.